ಹತ್ತಕ್ಕೆ ಒಂಬತ್ತು

ಹತ್ತಕ್ಕೆ ಒಂಬತ್ತು ಬದುಕಿದ್ದವು. ನನಗೆ ಸರಿಬರದೆ ಹೋದದ್ದು ಅದೇ.

ರಿಜಿಸ್ಟರಿನ ಆ ಪುಟದ ಮೇಲೆ ಬೆರಳಿಟ್ಟುಕೊಂಡೇ ಸಸಿ ಸಂಸ್ಥೆಯ ನಿರ್ದೇಶಕರ ಮುಖ ನೋಡಿದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಚೌಕಟ್ಟು ಹಾಕಿಸಿದ ಪ್ರಶಂಸಾಪತ್ರವೊಂದು ತೂಗುತ್ತಿತ್ತು.

“ಅದನ್ನ ಕೊಟ್ಟಿದ್ದೇ ಈ ಅಂಕಿಗೆ ಸರ್. ನಮ್ಮ ಸೂಜಿ ಅಕ್ಕನ ಕೈಗುಣ. ಮುಂಚೆ ಹತ್ತು ತುದಿ ಕತ್ತರಿಸಿದ್ರೆ ಮೂರು ಬದುಕೋವು. ಈಗ ಒಂಬತ್ತು.”

“ಯಾವಾಗಿನಿಂದ?”

“ಮೂರು ವರ್ಷ ಆಯ್ತು. ಏನ್ಸಾರ್, ಒಳ್ಳೇದಕ್ಕೂ ತನಿಖೆನಾ?”

ಮೂರು ವರ್ಷದ ಹಿಂದಿನ ಪುಟಕ್ಕೆ ತಿರುವಿದೆ. ಒಂದು ತಾರೀಖಿನ ತನಕ ಮೂರು, ಎರಡು, ನಾಲ್ಕು, ಮೂರು. ನಡುವೆ ಹದಿನೈದು ದಿನ ಖಾಲಿ. ಅದರ ಮರುದಿನದಿಂದ ಒಂಬತ್ತು, ಒಂಬತ್ತು, ಎಂಟು, ಒಂಬತ್ತು. ಕೈಗುಣ ಹೀಗೆ ಒಂದು ಬೆಳಗ್ಗೆ ಎದ್ದು ಬರುವುದಿಲ್ಲ.

ರಾಸ್ಪ್‌ಬೆರಿ ಗಿಡಕ್ಕೆ ವೈರಸ್ ಹತ್ತಿದರೆ ಔಷಧಿ ಇಲ್ಲ. ಅದು ಗಿಡದ ಮೈಯೊಳಗೇ ಮನೆ ಮಾಡಿಕೊಂಡಿರುತ್ತದೆ. ಬಿಡಿಸಲು ಇರುವ ದಾರಿ ಕಿರಿದಾದದ್ದು. ಗಿಡವನ್ನು ವಾರಗಟ್ಟಲೆ ಬಿಸಿ ಕೋಣೆಯಲ್ಲಿ ಇಡಬೇಕು. ಸೊರಗುತ್ತಲೇ ಅದು ಬಿಡುವ ಹೊಸ ಕುಡಿಯ ತುತ್ತತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಕತ್ತರಿಸಿ, ಗಾಜಿನ ನಳಿಕೆಯಲ್ಲಿ ಆಹಾರ ಕೊಟ್ಟು ಬೆಳೆಸಬೇಕು. ವೈರಸ್ ಎಲ್ಲಕ್ಕಿಂತ ಕೊನೆಗೆ ತಲುಪುವ ಜಾಗ ಆ ತುದಿ. ತುಣುಕು ಎಷ್ಟು ಸಣ್ಣದೋ ಅಷ್ಟು ಶುದ್ಧ. ಎಷ್ಟು ಸಣ್ಣದೋ, ಸಾಯುವ ಸಂಭವವೂ ಅಷ್ಟು ಹೆಚ್ಚು.

ಹಾಗಾಗಿ ಈ ಕೆಲಸದಲ್ಲಿ ಸಾವು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೊದಲು ಅನುಮಾನ ಪಡಬೇಕು. ಇಲ್ಲಿ ಚೌಕಟ್ಟು ಹಾಕಿಸಿದ್ದರು.

“ಕಾವಲುಗಾರ ತಪ್ಪೊಪ್ಪಿಕೊಂಡು ಎರಡು ದಿನ ಆಯ್ತಲ್ಲ ಸರ್,” ನಿರ್ದೇಶಕರು ಮೆತ್ತಗೆ ಹೇಳಿದರು. “ಐದು ಗಂಟೆಗೆ ಪೊಲೀಸರ ಗಾಡಿ ಬರುತ್ತೆ. ನಿಮ್ಮ ವರದಿ ಒಂದು ಇದ್ದುಬಿಟ್ರೆ ಅವನನ್ನ ಕಳಿಸಿ ಕೈ ತೊಳ್ಕೊಬಹುದು.”

ಆಗ ಗಂಟೆ ಎರಡೂಕಾಲು.

ಈ ಸಂಸ್ಥೆ ರೋಗಮುಕ್ತ ಎಂದು ಚೀಟಿ ಕಟ್ಟಿ ಕೊಟ್ಟ ಗಿಡಗಳು ಇನ್ನೂರ ಹನ್ನೊಂದು ತೋಟಗಳಲ್ಲಿ ಈ ವರ್ಷ ಹಣ್ಣು ಬಿಟ್ಟವು. ಕೀಳಲು ಹೋದರೆ ಹಣ್ಣು ಬೆರಳಿನ ನಡುವೆ ಮಣಿಮಣಿಯಾಗಿ ಉದುರಿತು. ಇಲಾಖೆಯ ತನಿಖಾಧಿಕಾರಿಯಾಗಿ ಆ ತೋಟಗಳನ್ನೆಲ್ಲ ಸುಡಿಸಲು ಆದೇಶ ಕೊಟ್ಟವನು ನಾನು. ಮೊದಲ ಐದಾರು ಬೆಂಕಿಗಳವರೆಗೆ ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಆಮೇಲೆ ನಿಂತಿತು. ಒಂದು ತೋಟದ ಯಜಮಾನಿ ಉರಿಯುವ ಸಾಲುಗಳ ಪಕ್ಕ ನಿಂತೇ ನನಗೆ ಕುಡಿಯಲು ನೀರು ತಂದುಕೊಟ್ಟರು. ಕುಡಿದೆ, ಲೋಟ ವಾಪಸು ಕೊಟ್ಟೆ. ನೀರು ತಣ್ಣಗಿತ್ತು ಎಂಬುದಷ್ಟೇ ನೆನಪಿದೆ.

*

ಕಾವಲುಗಾರ ಹಸಿರುಮನೆಯ ಎರಡು ಬಾಗಿಲುಗಳ ನಡುವಿನ ಇಕ್ಕಟ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ. ಅಮಾನತಾದವನು ಒಳಗೆ ಬರಬಾರದೆಂದು ಆದೇಶವಿತ್ತು. ಹೊರಗೆ ಹೋಗಲು ಮನಸ್ಸಿರಲಿಲ್ಲವೇನೋ, ನಡುವೆ ಕೂತಿದ್ದ. ಎಲ್ಲರೂ ಅವನನ್ನು ಬಾಗಿಲಣ್ಣ ಎನ್ನುತ್ತಾರೆ. ಹೊರಗಿನ ಬಾಗಿಲು ಮುಚ್ಚದೆ ಒಳಗಿನದಕ್ಕೆ ಕೈ ಹಾಕಿದ ಮಂತ್ರಿಯನ್ನೂ ಬೈದವನು ಎಂಬ ಕೀರ್ತಿ ಅವನಿಗಿದೆ.

ಅಂಥವನು ಬರೆದುಕೊಟ್ಟಿದ್ದ: ‘ನಾನು ಎರಡೂ ಬಾಗಿಲು ತೆರೆದಿಟ್ಟು ಮಲಗಿದ್ದೆ. ಗಿಡದ ಹೇನು ಒಳಗೆ ಬಂದು ರೋಗ ಹರಡಿತು.’

“ಅಣ್ಣ, ಹೇನು ಬಂತು ಅಂತ ಬರೆದಿದ್ದೀರಿ. ಯಾವ ಬಣ್ಣದ ಹೇನು?”

“ಹೇನಿಗೇನ್ಸಾರ್, ಹೇನಿನ ಬಣ್ಣ.”

“ಈ ವೈರಸ್ಸನ್ನ ಹೇನು ಹೊರೋದೇ ಇಲ್ಲ. ಇದು ಹೂವಿನ ಪರಾಗದಲ್ಲಿ ಹೋಗೋದು.”

ಅವನು ಸ್ಟೂಲು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

“ಹಾಗಾದ್ರೆ ಜೇನುನೊಣ ಅಂತ ತಿದ್ಕೊಳ್ಳಿ.”

“ನಿಮ್ಮ ಗಿಡ ಒಂದಾದ್ರೂ ಹೂ ಬಿಟ್ಟಿತ್ತಾ?”

“ಛೆ, ಬಿಡ್ತೀನಾ? ಮೊಗ್ಗು ಕಂಡ ದಿನವೇ ಚಿವುಟಿ...” ಎಂದವನು ನಿಲ್ಲಿಸಿದ. ತಾನೇ ಆಡಿದ ಮಾತು ತನ್ನ ತಪ್ಪೊಪ್ಪಿಗೆಯನ್ನು ಕಿತ್ತುಹಾಕಿತೆಂದು ಅವನಿಗೆ ಹೊಳೆದದ್ದು ಕಂಡಿತು.

ಜೇಬಿನಿಂದ ಹಾಳೆ ತೆಗೆದೆ. ಬೆಳಗ್ಗೆ ಬಂದ ಪರೀಕ್ಷಾ ಫಲಿತಾಂಶ. ಮೂರು ವರ್ಷದ ಹಿಂದೆ ಕತ್ತರಿಸಿದ ತುದಿಗಳಿಂದ ಬೆಳೆದ ನಲವತ್ತು ಸಸಿಗಳನ್ನು ಮಾದರಿಯೆಂದು ತಣ್ಣನೆ ಕೋಣೆಯಲ್ಲಿ ನಳಿಕೆಯೊಳಗೇ ಇಟ್ಟಿದ್ದರು. ಆ ನಲವತ್ತರಲ್ಲಿ ಮೂವತ್ತೊಂದಕ್ಕೆ ವೈರಸ್ ಇತ್ತು.

“ಇವು ಹುಟ್ಟಿದಾಗಿನಿಂದ ಗಾಜಿನ ಆಚೆ ಬಂದಿಲ್ಲ ಅಣ್ಣ. ನಿಮ್ಮ ಬಾಗಿಲು ನೋಡೇ ಇಲ್ಲ. ಯಾರನ್ನ ಉಳಿಸ್ತಿದ್ದೀರಿ?”

“ಇಪ್ಪತ್ತಾರು ವರ್ಷದಿಂದ ಬಾಗಿಲು ಕಾಯ್ತಿರೋನು ನಾನು. ಬಾಗಿಲು ನಂದು, ತಪ್ಪೂ ನಂದು. ಐದು ಗಂಟೆಗೆ ಕರ್ಕೊಂಡು ಹೋಗ್ತಾರಂತೆ, ಹೋಗ್ತೀನಿ.” ಅವನು ಎದ್ದು ನಿಂತ. “ಒಳಗಿನದನ್ನ ಮುಚ್ಚಿ ಸರ್. ಆಮೇಲೆ ಹೊರಗಿನದನ್ನ ತೆಗೀರಿ.”

ಬಾಗಿಲು ಮುಚ್ಚುವಾಗ ನೋಡಿದೆ. ಜಾಲರಿಯಾಚೆ ನಲವತ್ತು ಹೆಜ್ಜೆ ದೂರದ ಕಿಟಕಿಯೊಂದರ ಮೇಲೆ ಅವನ ಕಣ್ಣು ನೆಟ್ಟಿತ್ತು. ಅದು ಕತ್ತರಿಸುವ ಕೋಣೆ. ಅಲ್ಲಿ ಕೂತವಳು ಅವನ ಹೆಂಡತಿ, ಸೂಜಿ ಅಕ್ಕ.

*

ಚಪ್ಪಲಿ ಬಿಟ್ಟು, ಬಿಳಿ ಕೋಟು ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆ. ಗಾಳಿ ಸೋಸುವ ಯಂತ್ರದ ಒಂದೇ ಸಮನೆ ಹೂಂಕಾರ. ಆಕೆ ತಲೆ ಎತ್ತಲಿಲ್ಲ.

“ಬಾಗಿಲು ಸರಿಯಾಗಿ ಹಾಕಿ. ನಮ್ಮ ಮನೆಯವರು ನೋಡಿದ್ರೆ ನಿಮಗೂ ಬೈತಾರೆ.”

“ಹಾಕಿದೆ ಅಕ್ಕ.”

“ಅವರಿಗೆ ಎಷ್ಟು ವರ್ಷ ಆಗುತ್ತೆ?”

ಕೇಳಿದ್ದು ಶಿಕ್ಷೆಯ ಬಗ್ಗೆ. ಧ್ವನಿಯಲ್ಲಿ ಏರಿಳಿತವಿರಲಿಲ್ಲ. ಕೈಯಲ್ಲಿದ್ದ ಸೂಜಿಯಿಂದ ಎಲೆಯ ಮೇಲಿನ ಎಲೆ ಬಿಡಿಸುತ್ತಲೇ ಇದ್ದಳು.

“ಅವರು ತಪ್ಪು ಮಾಡಿಲ್ಲ,” ಎಂದೆ. “ಮಾಡಿದವರು ಯಾರು ಅಂತ ಹೇಳಿದ್ರೆ ಇವತ್ತೇ ಬಿಡ್ತಾರೆ. ನಿಮ್ಮ ತುದಿಗಳು ಹತ್ತಕ್ಕೆ ಒಂಬತ್ತು ಹೇಗೆ ಬದುಕಿದವು?”

“ಬದುಕಿದ್ದು ತಪ್ಪಾ?”

“ದೊಡ್ಡದಾಗಿ ಕತ್ತರಿಸಿದ್ರೆ ಬದುಕುತ್ತವೆ. ವೈರಸ್ಸೂ ಬದುಕುತ್ತೆ.”

ಸೂಜಿ ನಿಂತಿತು. ಆಕೆ ಮೊದಲ ಸಲ ನನ್ನ ಕಡೆ ತಿರುಗಿದಳು. ಮುಖಕ್ಕೆ ಬಟ್ಟೆ, ತಲೆಗೆ ಟೊಪ್ಪಿ. ಕಂಡದ್ದು ಕಣ್ಣುಗಳು ಮಾತ್ರ.

“ಆರು ಗೆರೆ. ಕೆಲಸಕ್ಕೆ ಸೇರಿದ ದಿನದಿಂದ ಆರೇ ಗೆರೆ. ಈ ಸೂಕ್ಷ್ಮದರ್ಶಕದ ಕೊಳವೆ ಒಳಗೆ ಕಾಣೋ ಅಳತೆ ಪಟ್ಟಿಯ ಆರು ಗೆರೆ. ಏಳು ಆಯ್ತೋ, ಎಸೀತೀನಿ. ಬೇಕಾದ್ರೆ ಕಸದ ಬುಟ್ಟಿ ನೋಡಿ.”

“ಒಂದು ಕತ್ತರಿಸಿ ತೋರಿಸ್ತೀರಾ?”

“ಪರೀಕ್ಷೆನಾ? ಈ ವಯಸ್ಸಲ್ಲಿ?” ಎಂದವಳು ಆಗಲೇ ಬ್ಲೇಡನ್ನು ಸ್ಪಿರಿಟ್ ದೀಪಕ್ಕೆ ಹಿಡಿದಿದ್ದಳು.

ಆಕೆಯ ಕೈ ನಡುಗುತ್ತದೆ ಎಂದುಕೊಂಡಿದ್ದೆ. ನನ್ನ ಊಹೆಯೆಲ್ಲ ನಿಂತಿದ್ದದ್ದು ಅದರ ಮೇಲೆ. ವಯಸ್ಸಾದ ಕೈ, ಸಣ್ಣದು ಹಿಡಿತಕ್ಕೆ ಸಿಗದೆ ದೊಡ್ಡದು ಕತ್ತರಿಸಿದ ಕೈ, ಅದನ್ನು ಮುಚ್ಚಿಡುವ ಗಂಡ.

ಕೈ ನಡುಗಲಿಲ್ಲ. ಸೂಜಿಯ ಮೊನೆ ಒಂದು ಎಲೆಯ ಮೊಳಕೆಯನ್ನು ಪಕ್ಕಕ್ಕೆ ಸರಿಸಿತು, ಅದರೊಳಗಿನ ಇನ್ನೊಂದನ್ನು ಸರಿಸಿತು. ಉಸಿರು ಬಿಡುವ ಮುನ್ನ ಬ್ಲೇಡು ಒಮ್ಮೆ ಮುಟ್ಟಿತು.

“ನೋಡಿ.”

ಬಗ್ಗಿ ಕಣ್ಣಿಟ್ಟೆ. ಇಬ್ಬನಿಯ ಹನಿಯಂತೆ ಹೊಳೆಯುವ ಗುಮ್ಮಟ, ಅದಕ್ಕೆ ಅಂಟಿದ ಎಲೆಯ ಎರಡು ಮೊಳಕೆ. ಪಟ್ಟಿಯ ಮೇಲೆ ಎಣಿಸಿದೆ. ಆರು ಗೆರೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ.

ನನ್ನ ಊಹೆ ಬಿದ್ದುಹೋಯಿತು. ನಿರಾಸೆಯೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಗೋಡೆ ಗಡಿಯಾರ ನೋಡಿದೆ. ನಾಲ್ಕೂ ಹತ್ತು.

“ಒಂದು ವಿಷಯ ಹೇಳಬೇಕು,” ಆಕೆ ನಿಧಾನವಾಗಿ ಹೇಳಿದಳು. “ನಮ್ಮ ಮನೆಯವರೊಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ನನ್ನ ಕಣ್ಣು ಹೋಗ್ತಿದೆ.”

“ಈಗ ತಾನೇ ಕತ್ತರಿಸಿದ್ರಲ್ಲ.”

“ಅದು ಅಭ್ಯಾಸ. ಮೂರು ವರ್ಷದಿಂದ ಇದರೊಳಗೆ ನೋಡಿದ್ರೆ ಎಲ್ಲಾ ಹಿಂದೆ ಸರಿದ ಹಾಗೆ ಕಾಣುತ್ತೆ. ಚಿಕ್ಕದಾಗಿ, ದೂರ. ಡಾಕ್ಟರು ಎರಡು ಸಲ ಕನ್ನಡಕ ಬದಲಾಯಿಸಿದ್ರು. ಏನೂ ಇಲ್ಲಮ್ಮ, ಮನಸ್ಸಿಗೆ ಹಚ್ಕೋಬೇಡಿ ಅಂದ್ರು.”

“ಮನೆಯಲ್ಲಿ?”

“ಮನೇಲಿ ಏನಿಲ್ಲ. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸ್ತೀನಿ. ಇಲ್ಲಿ ಕೂತ್ರೆ ಮಾತ್ರ.” ಬ್ಲೇಡನ್ನು ತಟ್ಟೆಯಲ್ಲಿಟ್ಟಳು. “ಕಣ್ಣು ನಂಬೋ ಹಾಗಿಲ್ಲ ಅಂತ ಗೆರೆ ನಂಬಿದೆ. ಚಿಕ್ಕದಾಗಿ ಕಂಡ್ರೂ ಸರಿ, ಆರು ಗೆರೆ ತುಂಬೋ ತನಕ ಬಿಟ್ಟು ಕತ್ತರಿಸಿದೆ. ಇಷ್ಟು ಯಾಕೆ ಬದುಕ್ತಿವೆ ಅಂತ ಮೇಲಿನ ಸಾಹೇಬರನ್ನ ಕೇಳಿದ್ದೆ. ಆಹಾರದ ಪುಡಿ ಹೊಸದು, ಅದರ ಗುಣ ಅಂದ್ರು.”

“ಮೂರು ವರ್ಷದ ಹಿಂದೆ ಹದಿನೈದು ದಿನ ಕೆಲಸ ನಿಂತಿತ್ತು. ಯಾಕೆ?”

“ಇದರ ಗಾಜಿಗೆ ಬೂಷ್ಟು ಹಿಡಿದಿತ್ತು. ಒರೆಸಿ ತರೋಕೆ ಹೊರಗೆ ಕಳಿಸಿದ್ರು.”

ನಾನು ಸೂಕ್ಷ್ಮದರ್ಶಕವನ್ನು ಹಿಂದಕ್ಕೆ ವಾಲಿಸಿದೆ. ಕೆಳಗಡೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ತಿರುಪಿ ಕೂರಿಸಿದ ಒಂದು ಗಾಜು. ಅದರ ಅಂಚಿನಲ್ಲಿ ಕೊರೆದ ಅಂಕಿ: ಸೊನ್ನೆ ಬಿಂದು ಐದು. ನೋಡುವುದನ್ನೆಲ್ಲ ಅರ್ಧಕ್ಕೆ ಇಳಿಸುವ ಗಾಜು. ಒರೆಸಿದವರು ಮತ್ತೆ ಜೋಡಿಸುವಾಗ ಬೇರೆ ಯಂತ್ರದ್ದನ್ನು ಹಾಕಿದ್ದರು.

ಚೀಲದಿಂದ ಅಳತೆ ಗಾಜು ತೆಗೆದೆ. ಒಂದು ಮಿಲಿಮೀಟರನ್ನು ಅದರ ಮೇಲೆ ಕೊರೆದಿರುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕೊಳವೆಯ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಇಪ್ಪತ್ತು ಗೆರೆ ಬರಬೇಕಿತ್ತು.

“ನೀವೇ ಎಣಿಸಿ ಅಕ್ಕ.”

ಆಕೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

“ಹತ್ತು.”

ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು ಇರಬೇಕಾದ ತುಣುಕು ಆರು ಪಾಲಾಗಿತ್ತು. ಉದ್ದ, ಅಗಲ, ದಪ್ಪ ಮೂರೂ ದುಪ್ಪಟ್ಟಾದರೆ ತುಣುಕು ಎಂಟು ಪಟ್ಟು. ವೈರಸ್ ಇನ್ನೂ ತಲುಪದ ಜಾಗದ ಜೊತೆಗೆ, ತಲುಪಿದ್ದ ಜಾಗವೂ ಕತ್ತರಿಸಿಕೊಂಡು ಬಂದಿತ್ತು. ಬಿಸಿ ಕೋಣೆಯಿಂದ ಬಂದ ಹೊಸತರಲ್ಲಿ ವೈರಸ್ ಎಷ್ಟು ಕಡಿಮೆ ಇರುತ್ತದೆಂದರೆ ಪರೀಕ್ಷೆಗೆ ಸಿಗದೆ ಹೋಗಬಹುದು. ತಿಂಗಳುಗಳ ಮೇಲೆ ಇನ್ನೊಮ್ಮೆ ನೋಡಬೇಕು. ಇಲ್ಲಿ ಒಂದೇ ಸಲ ನೋಡಿ ಚೀಟಿ ಕಟ್ಟಿದ್ದರು.

“ಹಾಗಾದ್ರೆ ನನ್ನ ಕಣ್ಣಿಗೆ ಏನೂ ಆಗಿಲ್ಲ,” ಎಂದಳು.

“ಇಲ್ಲ.”

“ಮೂರು ವರ್ಷ ಅದಕ್ಕೆ ಹೆದರ್ಕೊಂಡು ಬದುಕಿದೆ.” ಗಾಳಿಯ ಯಂತ್ರ ಹೂಂಗುಡುತ್ತಿತ್ತು. “ಇವರು ಅದಕ್ಕೇ ಬರೆದುಕೊಟ್ಟಿರೋದು, ಅಲ್ವಾ? ನನ್ನ ಕಣ್ಣಿಂದ ಹೀಗಾಯ್ತು ಅಂತ ತಿಳ್ಕೊಂಡು. ಎಂಥಾ ದಡ್ಡ ಮನುಷ್ಯ. ಹೇನು ಅಂತ ಬರೆದಿದ್ದಾರಂತೆ.”

“ಈಗ ಜೇನುನೊಣ ಅಂತ ತಿದ್ದೋಕೆ ಹೇಳಿದ್ರು.”

ಆಕೆ ನಕ್ಕಳೆಂದು ಕಾಣುತ್ತದೆ. ಬಾಯಿಯ ಬಟ್ಟೆ ಒಮ್ಮೆ ಅಲುಗಿತು.

“ಬಿಡ್ತಾರಾ ಅವರನ್ನ?”

“ನಾನು ವರದಿಯಲ್ಲಿ ಬರೆದ್ರೆ ಬಿಡಲೇಬೇಕು. ಆದ್ರೆ ಗಾಜಿನ ಮೇಲೆ ಕೇಸು ಹಾಕೋಕಾಗಲ್ಲ. ಯಾರೋ ಒಬ್ಬರನ್ನ ತೋರಿಸಬೇಕು. ಇಲ್ಲದಿದ್ರೆ ಒಪ್ಪಿಕೊಂಡವನೇ ಇದ್ದಾನಲ್ಲ ಅಂತಾರೆ.”

“ಯಾರೋ ಒಬ್ಬರು ಇದ್ದಾರಲ್ಲ.” ಆಕೆ ಎದ್ದಳು. “ರಿಪೇರಿಯಾಗಿ ಬಂದದ್ದನ್ನ ನೇರ ನನ್ನ ಮೇಜಿಗೆ ಇಡೋ ಹಾಗಿಲ್ಲ. ಇಲಾಖೆಯಿಂದ ಒಬ್ಬರು ಬಂದು ಅಳತೆ ಗಾಜು ಇಟ್ಟು, ಗೆರೆ ಎಣಿಸಿ, ತಾಳೆ ನೋಡಿದ ಹಾಳೆಗೆ ಸಹಿ ಹಾಕಬೇಕು. ಹಾಕಿದ್ರು. ಅದಾದ ಮೇಲೇ ಕೊಟ್ಟದ್ದು ನನಗೆ. ನೀವು ಈಗ ಮಾಡಿದ್ರಲ್ಲ, ಎರಡು ನಿಮಿಷದ ಕೆಲಸ. ಆ ಮಹಾರಾಯ ಅಷ್ಟು ಮಾಡಿದ್ರೆ ಇಷ್ಟು ತೋಟ ಉರಿಯೋ ಹಾಗಿತ್ತಾ? ಆ ಸಹಿ ಯಾರದೋ ತಪ್ಪು ಅವರದು. ಹೌದೋ ಅಲ್ವೋ?”

“ಹೌದು,” ಎಂದೆ.

“ಹೊರಗಡೆ ಬಟ್ಟೆ ಬದಲಾಯಿಸೋ ಕೋಣೆಯ ಬೀರು. ಮೇಲಿನ ಖಾನೆ, ನೀಲಿ ಫೈಲು. ನೀವು ತೆಗೀರಿ, ಈ ತುದಿಯನ್ನ ನಳಿಕೆಗೆ ಇಟ್ಟು ಬರ್ತೀನಿ. ಒಣಗಿದ್ರೆ ಸಾಯುತ್ತೆ.”

*

ನೀಲಿ ಫೈಲಿನಲ್ಲಿ ಹಾಳೆಗಳು ತಾರೀಖಿನ ಪ್ರಕಾರ ಇದ್ದವು. ಯಾರೋ ಅಚ್ಚುಕಟ್ಟಾಗಿ ಇಟ್ಟಿದ್ದರು. ಮೂರು ವರ್ಷ ಹಿಂದಕ್ಕೆ ಹೋದೆ.

ಸೂಕ್ಷ್ಮದರ್ಶಕ, ಕತ್ತರಿಸುವ ಕೋಣೆ. ಒಂದು ಮಿಲಿಮೀಟರಿಗೆ ಇಪ್ಪತ್ತು ಗೆರೆ. ತಾಳೆ ನೋಡಲಾಗಿದೆ, ಸರಿಯಾಗಿದೆ.

ಕೆಳಗೆ ನೇರಳೆ ಮೊಹರು: ಸಸ್ಯ ಆರೋಗ್ಯ ತನಿಖಾಧಿಕಾರಿ. ಮೊಹರಿನ ಮೇಲೆ ಹಾದುಹೋಗಿದ್ದ ಸಹಿ ನನ್ನದು.

ನೆನಪಿಗೆ ಬಂತು, ಆದರೆ ದೂರದಿಂದ. ನಿರ್ದೇಶಕರ ಕೋಣೆ. ಮೇಜಿನ ಮೇಲೆ ಚಹಾ, ಅದರ ಪಕ್ಕ ಮೊದಲೇ ತುಂಬಿಸಿಟ್ಟಿದ್ದ ಹಾಳೆಗಳ ಕಟ್ಟು. ತೂಕದ ಯಂತ್ರ, ಬಿಸಿ ಕೋಣೆಯ ಥರ್ಮಾಮೀಟರ್, ಇಂಥವು ಹತ್ತು ಹನ್ನೆರಡು. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಕತ್ತರಿಸುವ ಕೋಣೆಯ ಒಳಗೆ ನಾನು ಕಾಲಿಟ್ಟಿರಲಿಲ್ಲ. ಕೋಟು ತೊಡಬೇಕು, ಬಾಯಿಗೆ ಕಟ್ಟಬೇಕು, ಚಪ್ಪಲಿ ಬಿಡಬೇಕು. ಅಷ್ಟಕ್ಕೆ ಹೊತ್ತಿರಲಿಲ್ಲ.

ಎದೆ ಹೊಡೆದುಕೊಳ್ಳಬೇಕಿತ್ತು. ಕಾದೆ. ಫೈಲಿನ ಅಂಚು ಹೆಬ್ಬೆರಳಿಗೆ ಒತ್ತುತ್ತಿತ್ತು. ಅದು ಗೊತ್ತಾಗುತ್ತಿತ್ತು, ನೋವಾಗುತ್ತಿರಲಿಲ್ಲ.

“ಸಿಕ್ಕಿತಾ ಸರ್?”

ನಿರ್ದೇಶಕರು ಹೊರಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಒಳಗೆ ಬಂದು ಬಾಗಿಲು ಹಾಕಿಕೊಂಡರು. ಧ್ವನಿ ತಗ್ಗಿತು.

“ಆ ಹಾಳೆ ನಾನು ಸೋಮವಾರವೇ ನೋಡಿದ್ದೆ.”

ಕಾವಲುಗಾರ ತಪ್ಪೊಪ್ಪಿಗೆ ಬರೆದುಕೊಟ್ಟದ್ದು ಮಂಗಳವಾರ.

“ಅವನಿಗೆ ಹೆಂಡತಿಯ ಕಣ್ಣಿನ ಚಿಂತೆ ಇದ್ದದ್ದು ನನಗೆ ಗೊತ್ತಿತ್ತು,” ಅವರು ಹವಾಮಾನ ಹೇಳುವಂತೆ ಹೇಳಿದರು. “ತನಿಖೆಯವರು ಅಕ್ಕನ ಕಣ್ಣು ಪರೀಕ್ಷೆ ಮಾಡಿಸ್ತಾರಂತೆ ಅಂತ ಕಿವಿಗೆ ಹಾಕಿದೆ. ಅಷ್ಟೇ. ಬಾಕಿ ಎಲ್ಲ ಅವನೇ ಬರೆದ. ಬಲವಂತ ಮಾಡಿಲ್ಲ.”

“ಯಾಕೆ?”

“ಹಾಳೆ ತುಂಬಿಸಿ ನಿಮ್ಮ ಮುಂದೆ ಇಟ್ಟವನು ನಾನು. ಸಹಿ ಹಾಕಿದವರು ನೀವು. ಹೋದ್ರೆ ಇಬ್ಬರೂ ಹೋಗ್ತೀವಿ. ಬಾಗಿಲಣ್ಣ ಹೋದ್ರೆ ಅವನು ಒಬ್ಬನೇ. ಅದೂ ತಾನಾಗಿ ಹೊರಟವನು. ತಡೆಯೋಕೆ ನಾವ್ಯಾರು ಸರ್?”

ಅವರು ಬೆದರಿಸುತ್ತಿರಲಿಲ್ಲ. ನನ್ನನ್ನು ತಮ್ಮ ಪಕ್ಕ ಕೂರಿಸಿಕೊಳ್ಳುತ್ತಿದ್ದರು. ಕೂರಲು ಜಾಗವಿತ್ತು ಎಂಬುದು ನನಗೂ ಗೊತ್ತಾಯಿತು. ಹಾಳೆ ಒಂದೇ ಪ್ರತಿ. ಆ ಗಾಜನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಸೂಕ್ಷ್ಮದರ್ಶಕದಲ್ಲಿ ನಾಳೆಯಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಗೇಟಿನ ಬಳಿ ಗಾಡಿ ನಿಂತ ಸದ್ದಾಯಿತು. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಬೇಗ ಬಂದಿದ್ದರು.

ಒಳಬಾಗಿಲು ತೆರೆಯಿತು. ಸೂಜಿ ಅಕ್ಕ ಬಾಯಿಯ ಬಟ್ಟೆ ಬಿಚ್ಚುತ್ತಾ ಬಂದಳು. ನಿರ್ದೇಶಕರನ್ನು ನೋಡಿ ಒಂದು ಕ್ಷಣ ನಿಂತಳು. ಆಮೇಲೆ ನನ್ನ ಕೈಯಲ್ಲಿದ್ದ ಫೈಲು ನೋಡಿದಳು.

“ಸಿಕ್ತಾ ಸರ್? ಯಾರದು ಸಹಿ?”

ನಾನು ಬಾಯಿ ತೆರೆಯುವ ಮೊದಲೇ ನಿರ್ದೇಶಕರು ನಕ್ಕರು.

“ಓದೋಕೇ ಬರ್ತಿಲ್ಲ ಅಕ್ಕ. ಮೂರು ವರ್ಷ ಆಯ್ತಲ್ಲ, ಮಸಿ ಎಲ್ಲಾ ಮಾಸಿಹೋಗಿದೆ. ಅಲ್ವಾ ಸರ್?”

ಗಾಡಿಯ ಬಾಗಿಲು ಬಡಿದ ಸದ್ದು. ಯಾರೋ ಇಳಿದರು, ಯಾರನ್ನೋ ಕೇಳಿದರು. ಹಸಿರುಮನೆಯ ಕಡೆ ಹೆಜ್ಜೆಗಳು ಹೋದವು.

ಸೂಜಿ ಅಕ್ಕ ನಿರ್ದೇಶಕರ ಕಡೆ ತಿರುಗಲಿಲ್ಲ. ನನ್ನ ಮುಂದೆ ಕೈ ಚಾಚಿದಳು.

“ಕೊಡಿ ಇಲ್ಲಿ,” ಎಂದಳು. “ನಾನು ಓದ್ತೀನಿ.”